ದೌರಾಕ್ಕೆ ಹೋದ ಗಾದಿ

ಮೊನ್ನೆ ನನ್ನ ಮೊಮ್ಮಗಳು ಮನೆ ಬದಲಿಸಿದಳು. ದೂರವೇನಲ್ಲ, ಲಿಂಗಸುಗೂರಿನಲ್ಲೇ ಒಂದು ಓಣಿಯಿಂದ ಇನ್ನೊಂದು ಓಣಿಗೆ. ಟೆಂಪೋದವರು ಬಂದು ಅವಳ ಮಂಚವನ್ನು ಬಿಚ್ಚಿ, ಗಾದಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಎಳೆಕೂಸನ್ನು ಎತ್ತುವ ಹಾಗೆ ಎತ್ತಿಕೊಂಡು ಹೋದರು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು "ಹುಷಾರಪಾ, ಹುಷಾರು" ಎನ್ನುತ್ತಿದ್ದೆ. ನನ್ನ ವಯಸ್ಸಿಗೆ ಮನೆಯವರು ವಹಿಸಿದ ಕೆಲಸ ಅದೊಂದೇ. ಅದನ್ನು ನಾನು ಬಹಳ ಶ್ರದ್ಧೆಯಿಂದ ಮಾಡುತ್ತೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಕೊನೆಗೆ ಅಟ್ಟದ ಮೇಲಿನ ಹಳೆಯ ಹತ್ತಿಯ ಗಾದಿಯೊಂದನ್ನು ಇಳಿಸಿದರು. ಅದರ ಮೂಲೆಯ ಹೊಲಿಗೆ ಬಿಚ್ಚಿತ್ತು. ಒಂದು ಹಿಡಿ ಅರಳೆ ನನ್ನ ಕಾಲ ಬಳಿ ಉದುರಿತು. ಹಳೆಯ ಅರಳೆಯ ವಾಸನೆ ನಿಮಗೆ ಗೊತ್ತಿರಬಹುದು: ಧೂಳು, ಬಿಸಿಲು, ಸ್ವಲ್ಪ ಎಣ್ಣೆ. ಒಳ್ಳೆಯ ವಾಸನೆಯೇ. ಆದರೆ ನನಗೆ ಆ ವಾಸನೆ ಬಡಿದ ಕೂಡಲೇ ಸಿಟ್ಟು ಬರುತ್ತದೆ. ಮಂದಿಗೆ ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುತ್ತದಲ್ಲ, ಹಾಗೆ. ಯಾಕೆ ಎಂದು ಹೇಳುತ್ತೇನೆ, ಕೂತುಕೊಳ್ಳಿ.

ಅದು ನಿಜಾಮನ ಕಾಲ. ಇಸವಿ ಕೇಳಬೇಡಿ, ನಮ್ಮ ಕೇರಿಯಲ್ಲಿ ಇಸವಿ ಇಟ್ಟುಕೊಂಡವರು ಯಾರೂ ಇರಲಿಲ್ಲ. ನಾವು ಸಾಲಗುಂದದ ಹೊಲಗೇರಿಯವರು. ಅಪ್ಪ ತೀರಿಕೊಂಡಿದ್ದ. ಅವ್ವ, ಅಣ್ಣ, ನಾನು. ಹಟ್ಟಿಯಲ್ಲಿ ಚಿನ್ನದ ಗಣಿಗೆ ಆಳು ತೆಗೆದುಕೊಳ್ಳುತ್ತಿದ್ದಾರೆಂದು ಸುದ್ದಿ ಬಂದಾಗ ಅಣ್ಣ ಹೋದ. ನೆಲದೊಳಗೆ ಇಳಿಯುವ ಕೆಲಸ ಸಿಕ್ಕಿತು. ನಾನೂ ಅವ್ವನೂ ಗೌಡರ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆವು. ಒಂದು ದಿನ ಅವ್ವ ಹತ್ತಿ ಹೇರಿದ ಬಂಡಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಳು. ನಾಟಿ ವೈದ್ಯ ಎಲೆ ಕಟ್ಟಿದ, ಪಟ್ಟಿ ಕಟ್ಟಿದ. ಎಲುಬು ಹೇಗೋ ಕೂಡಿತು, ಆದರೆ ನೆಲದ ಮೇಲೆ ಮಲಗಿದರೆ ಏಳಲು ಬರುತ್ತಿರಲಿಲ್ಲ, ಎಬ್ಬಿಸಿದರೆ ಚೀರುತ್ತಿದ್ದಳು. ಹಟ್ಟಿಯ ದವಾಖಾನೆಯವರು ಅಣ್ಣನಿಗೆ ಹೇಳಿದರಂತೆ: ಮುದುಕಿಯನ್ನು ಎತ್ತರದ ಮೇಲೆ, ಮೆತ್ತಗೆ ಮಲಗಿಸಿ, ಇಲ್ಲದಿದ್ದರೆ ಜೀವನಪೂರ್ತಿ ಹೀಗೇ.

ಅಣ್ಣ ಸಿಂಧನೂರಿನ ಬಡಿಗನಿಂದ ಜಾಲಿ ಕಟ್ಟಿಗೆಯ ಮಂಚ ಮಾಡಿಸಿದ. ಗಾದಿಗೆ ಹತ್ತಿ ಅವ್ವನದೇ. ಆಗ ಹತ್ತಿ ಬಿಡಿಸಿದವರಿಗೆ ಕೂಲಿ ಎಂದು ಹತ್ತಿಯನ್ನೇ ಕೊಡುತ್ತಿದ್ದರು. ಅದರಲ್ಲಿ ಒಂದಿಷ್ಟನ್ನು ನನ್ನ ಮದುವೆಗೆಂದು ಅವ್ವ ಗಡಿಗೆಗಳಲ್ಲಿ ತುಂಬಿಟ್ಟಿದ್ದಳು. ಮದುವೆ ಆಮೇಲಾದರೂ ಆಗುತ್ತದೆ, ಸೊಂಟ ಮೊದಲು ಎಂದು ನಾನೇ ಗಡಿಗೆ ಸುರುವಿದೆ. ಸಿಂಧನೂರಿನ ಪಿಂಜಾರ ಹುಸೇನ ಕಾಕಾ ಅದನ್ನು ತನ್ನ ಅಂಗಳದಲ್ಲಿ ಬಿಲ್ಲಿಗೆ ಹಾಕಿ ಹಿಂಜಿ, ನೀಲಿ ಗೆರೆಯ ಬಟ್ಟೆಯಲ್ಲಿ ತುಂಬಿ, ಉದ್ದನೆಯ ಸೂಜಿಯಿಂದ ಹೊಲಿದುಕೊಟ್ಟ.

ಮಂಚ, ಗಾದಿ ಎರಡೂ ಬಂದವು. ಆದರೆ ಅವನ್ನು ಇಟ್ಟುಕೊಳ್ಳುವುದು ಹೇಗೆ? ನಮ್ಮ ಕೇರಿಯವರು ಊರ ಹಿರಿಯರ ಕಣ್ಣೆದುರು ಮಂಚದ ಮೇಲೆ ಕೂಡುವ ಹಾಗಿರಲಿಲ್ಲ. ಕೇರಿಯ ದಾರಿಯಲ್ಲಿ ಗೌಡ ಹಾದರೆ ಕಟ್ಟೆಯಿಂದಲೂ ಇಳಿದು ನಿಲ್ಲಬೇಕು. ಸೊಂಟ ಮುರಿದವಳು ಇಳಿದು ಹೇಗೆ ನಿಂತಾಳು? ಮಂಚವನ್ನು ಒಳಗೆ, ಬಾಗಿಲ ಹಿಂದೆ, ಕತ್ತಲಲ್ಲಿ ಇಟ್ಟೆವು. ಬೇಸಿಗೆಯಲ್ಲಿ ಆ ಗುಡಿಸಲು ಕುದಿಯುತ್ತಿತ್ತು. ಅವ್ವ ಕದ್ದ ಮಾಲಿನ ಮೇಲೆ ಮಲಗಿದವಳಂತೆ ಮಲಗಿರುತ್ತಿದ್ದಳು.

ಅಷ್ಟರಲ್ಲಿ ಅಣ್ಣನಿಗೆ ಹಟ್ಟಿಯಲ್ಲಿ ಇರಲು ಕಂಪನಿಯ ಖೋಲಿ ಸಿಕ್ಕಿತು. ಅವ್ವನನ್ನು ಕರೆತಾ, ಮಂಚ ಗಾದಿ ಸಮೇತ ಬಾ ಎಂದು ಹೇಳಿಕಳಿಸಿದ. ಊರಲ್ಲಿ ನಮಗೆ ಬಂಡಿ ಕೊಡುವವರು ಯಾರು? ಮತ್ತೆ ಹುಸೇನ ಕಾಕಾನೇ ತನ್ನ ಎತ್ತು ಹೂಡಿಕೊಂಡು ಬಂದ. ಬಂಡಿಯ ತಳಕ್ಕೆ ಜೋಳದ ದಂಟು ಹಾಸಿದ, ಮಂಚವನ್ನು ಹಗ್ಗದಿಂದ ಬಿಗಿದ, ಗಾದಿಯನ್ನು ಸುರುಳಿ ಸುತ್ತಿ ಗೋಣಿತಟ್ಟಿನಲ್ಲಿ ಕಟ್ಟಿದ. ಮೇಲೆ ಮತ್ತೆ ದಂಟು. ಮೇವಿನ ಬಂಡಿ ಎಂದು ಕಾಣಬೇಕು. ಅದರ ನಡುವೆ ಅವ್ವ. ಸ್ವಂತ ಗಾದಿಯನ್ನು ಕಳ್ಳತನದ ಗಂಟಿನಂತೆ ಮುಚ್ಚಿಕೊಂಡು ನಾವು ಹುಟ್ಟಿದ ಊರನ್ನು ಬಿಟ್ಟೆವು.

ಸಿಂಧನೂರು ದಾಟಿದ ಮೇಲೆ ಹುಸೇನ ಕಾಕಾ ಬಂಡಿ ನಿಲ್ಲಿಸಿದ. ಆಚೆ ಈಚೆ ನೋಡಿ ದಂಟು ಸರಿಸಿದ, ಗಾದಿ ಬಿಚ್ಚಿ ಮಂಚದ ಮೇಲೆ ಹಾಸಿದ. "ಅಕ್ಕಾ, ಇನ್ನ ಆರಾಮ ಮಲಕೋ. ಇಲ್ಲಿ ನಿನ್ನ ಗೌಡ ಇಲ್ಲ" ಎಂದ. ಅವ್ವ ಅಂಗಾತ ಮಲಗಿ ಆಕಾಶ ನೋಡಿದಳು. ಬಂಡಿ ಕುಲುಕಿದರೂ ನರಳಲಿಲ್ಲ. "ಯವ್ವಾ, ಗಾಳಿ ಬರಾಕತ್ತೈತಿ ನೋಡ" ಎಂದು ಒಮ್ಮೆ ಅಂದಳು. ಮಸ್ಕಿಯ ತನಕ ಅವಳ ಮುಖದಲ್ಲಿ ಬೇರೆಯೇ ಕಳೆ ಇತ್ತು. ಅಂಥ ಸಣ್ಣ ಸುಖ. ಅದನ್ನು ನೆನೆದರೆ ಮುಂದಿನದರ ಮೇಲೆ ನನಗೆ ಇನ್ನಷ್ಟು ಸಿಟ್ಟು.

ಮಸ್ಕಿಯಲ್ಲಿ ಹುಸೇನ ಕಾಕಾನ ನೆಂಟರ ಹಿತ್ತಲಲ್ಲಿ ತಂಗಿ, ಬೆಳಿಗ್ಗೆ ಹೊರಟೆವು. ಮಸ್ಕಿ ದಾಟಿ ಒಂದು ಹಳ್ಳಿ. ಊರ ಅಗಸೆ ಬಾಗಿಲ ಹತ್ತಿರ ನಾಲ್ಕು ಜನ ಆಳುಗಳು ಬಂಡಿಗೆ ಅಡ್ಡ ನಿಂತರು.

"ಯಾರ ಬಂಡಿಲೇ ಇದು?"

"ನಂದ್ರೀ, ಸಿಂಧನೂರ ಪಿಂಜಾರ ಹುಸೇನ."

"ಮಂಚ ಇಳಸು. ಗಾದೀನೂ ಇಳಸು. ಸಾಹೇಬರು ದೌರಾಕ್ಕ ಬಂದಾರ, ಪಾಟೀಲರ ಹುಕುಂ ಐತಿ."

ದೌರಾ ಅಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ದೊಡ್ಡ ಅಧಿಕಾರಿ ಹಳ್ಳಿ ತಿರುಗಲು ಬರುವುದು. ಬಂದರೆ ಅವನ ಜೊತೆ ಕುದುರೆ, ಡೇರೆ, ಅಡುಗೆಯವರು, ಜವಾನರು. ಅವರಿಗೆಲ್ಲ ಕೋಳಿ, ಹಾಲು, ತುಪ್ಪ, ಹುಲ್ಲು, ಕಟ್ಟಿಗೆ, ಮಂಚ ಎಲ್ಲವೂ ಹಳ್ಳಿಯ ಮನೆಗಳಿಂದ ಬಿಟ್ಟಿ.

"ಮ್ಯಾಲ ಬ್ಯಾನಿ ಮನುಷಾಳು ಮಲಗ್ಯಾಳ್ರೀ, ಸೊಂಟ ಮುರದೈತಿ" ಎಂದ ಹುಸೇನ ಕಾಕಾ.

"ಕೆಳಗ ಮಲಗಸು. ನೆಲ ಏನು ಎದ್ದು ಓಡಿ ಹೋಗೈತೇನು?"

ಬಂಡಿ ಹುಸೇನ ಕಾಕಾನದು. ನಾವಿಬ್ಬರೂ ಮುಖದ ತನಕ ಸೆರಗು ಎಳೆದುಕೊಂಡಿದ್ದೆವು. ಅವನ ಮನೆಯವರೇ ಇರಬೇಕೆಂದು ತಿಳಿದರು. ಇಂಥ ಗಾದಿಯ ಮೇಲೆ ಮಲಗಿದವಳು ಹೊಲಗೇರಿಯವಳೆಂದು ಅವರಿಗೆ ಕನಸು ಕೂಡ ಬಿದ್ದಿರಲಿಕ್ಕಿಲ್ಲ. ಮಂಚದ ಒಂದು ಬದಿ ಎತ್ತಿಯೇಬಿಟ್ಟರು. ನಾನೂ ಹುಸೇನ ಕಾಕಾನೂ ಅವ್ವನನ್ನು ತಬ್ಬಿ ಹಿಡಿದು ದಂಟಿನ ಮೇಲೆ ಮಲಗಿಸಿದೆವು. ಅವಳ ಚೀರಾಟಕ್ಕೆ ಎತ್ತುಗಳು ಬೆದರಿದವು. ಆಳುಗಳು ಬೆದರಲಿಲ್ಲ. ಮಂಚವನ್ನೂ ಗಾದಿಯನ್ನೂ ತಲೆಯ ಮೇಲೆ ಹೊತ್ತು ನಡೆದರು.

ಹುಸೇನ ಕಾಕಾ ಬೆದರಿದ ಎತ್ತುಗಳ ಮೈ ಸವರಿ, "ಹೋಗೂನಕ್ಕ. ಹಟ್ಟಿಗೆ ಹೋಗಿ ನಿನ್ನ ಮಗನಿಗೆ ಹೇಳೂನು" ಎಂದ.

"ಬಂಡಿ ತಿರುವು ಹುಸೇನಣ್ಣ" ಎಂದಳು ಅವ್ವ.

"ಎಲ್ಲಿಗಕ್ಕ?"

"ನನ್ನ ಗಾದಿ ಹೋದಲ್ಲಿಗೆ."

ಹುಣಸೆ ತೋಪಿನಲ್ಲಿ ಡೇರೆಗಳು ಬಿದ್ದಿದ್ದವು. ಸಾಹೇಬರು ಕೆರೆಯ ಏರಿ ನೋಡಲು ಹೋಗಿದ್ದರು. ನಮ್ಮ ಮಂಚ ಒಂದು ಮರದ ಕೆಳಗೆ ಇತ್ತು. ಗಾದಿಯ ಕಾಲ ಕಡೆ ಕುದುರೆಯ ಜೀನು ಬಿದ್ದಿತ್ತು, ಬೆವರಿನಿಂದ ತೊಯ್ದದ್ದು. ತಲೆಯ ಕಡೆ ಆ ಊರ ಪಾಟೀಲ ಚಕ್ಕಳಮಕ್ಕಳ ಹಾಕಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಎದುರಿನ ದೊಡ್ಡ ಡೇರೆಯ ಪರದೆ ಎತ್ತಿತ್ತು. ಒಳಗೆ ಸಾಹೇಬರ ಸ್ವಂತ ಮಡಿಚುವ ಮಂಚ, ಬೆಳ್ಳಗಿನ ಹಾಸಿಗೆ, ಸೊಳ್ಳೆ ಪರದೆ ಎಲ್ಲ ಇದ್ದವು.

"ಸಾಹೇಬರಿಗೆ ತಮ್ಮ ಮಂಚ ಐತಲ್ರೀ ಪಾಟೀಲರ" ಎಂದ ಹುಸೇನ ಕಾಕಾ.

ಪಾಟೀಲ ತಲೆ ಎತ್ತಲಿಲ್ಲ. "ಐತಿ. ಇದೂ ಇರಲಿ. ಬೇಕಾದೀತು."

ಬೇಕಾದೀತು! ಈ ಮಾತನ್ನು ನಾನು ಮುಂದೆ ಬಹಳ ಯೋಚಿಸಿದ್ದೇನೆ. ಬೇಕು ಎಂದು ಕಿತ್ತುಕೊಂಡರೆ ಅದು ಒಂದು ತರದ ಲೂಟಿ. ಆ ಸಾಹೇಬ ಬೆನ್ನು ನೋವಿನವನಾಗಿದ್ದು ಅವ್ವನ ಗಾದಿಯ ಮೇಲೆ ಮಲಗಿದ್ದರೆ, ಅವನೂ ಮನುಷ್ಯನೇ ಎಂದು ಎಂದಾದರೊಂದು ದಿನ ಅಂದುಕೊಳ್ಳುತ್ತಿದ್ದೆನೋ ಏನೋ. ಆದರೆ ಯಾರಿಗೂ ಬೇಡದ ಗಾದಿಯನ್ನು, ಒಂದು ವೇಳೆ ಬೇಕಾದೀತು ಎಂದು, ಮುರಿದ ಸೊಂಟದ ಕೆಳಗಿನಿಂದ ಎಳೆದು ತಂದು ಅದರ ಮೇಲೆ ಕುದುರೆಯ ಜೀನು ಒಗೆಯುವುದೆಂದರೆ! ಇಷ್ಟು ವರ್ಷ ಶಾಲೆಯಲ್ಲಿ ಅಕ್ಕೋರಾಗಿ ಮಕ್ಕಳಿಗೆ ಪದಗಳ ಅರ್ಥ ಹೇಳಿದ್ದೇನೆ. ಈ ಪದದ ಅರ್ಥ ಹೇಳಲು ನನಗೆ ಆಗಿಲ್ಲ.

ಅವ್ವ ಬಂಡಿಯಲ್ಲೇ ಮೊಣಕೈ ಊರಿ ತಲೆ ಎತ್ತಿದಳು.

"ನನ್ನ ಸೊಂಟ ಮುರದೈತ್ರೀ. ಗಾದಿ ನಂದೈತಿ. ನಾ ಬಿಡಿಸಿದ ಹತ್ತಿ ಐತಿ ಅದರಾಗ. ಕೊಡ್ರಿ."

"ನಿಂದಾದರೇನು, ಇನ್ನೊಬ್ಬರದಾದರೇನು? ದೌರಾ ಮುಗದ ಮ್ಯಾಲ ಬಂದು ಒಯ್ರಿ."

"ಗಾದಿ ನಂದೈತ್ರೀ" ಎಂದಳು ಮತ್ತೆ.

ಅವನು ಅಡಿಕೆ ಬಾಯಿಗೆ ಹಾಕಿಕೊಂಡ. ಆಗ ಅವ್ವ ಮುಖದ ಮೇಲಿನ ಸೆರಗು ತೆಗೆದಳು. ತೋಪಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಧಣಿ, ನೀವು ಕುಂತ ಗಾದಿ ಹೊಲಗೇರಿದೈತ್ರಿ. ನಾವು ಸಾಲಗುಂದದ ಹೊಲಗೇರಿ ಮಂದಿ. ಮುಂಜಾನಿತನಕ ನಾ ಅದರ ಮ್ಯಾಲನ ಮಲಗೀನಿ."

ಪಾಟೀಲ ಜಿಗಿದ. ಕೂತಲ್ಲಿಂದಲೇ, ಕಾಲು ಬಿಡಿಸುವುದನ್ನೂ ಮರೆತು, ಚೇಳು ಕಡಿದವನಂತೆ ಜಿಗಿದ. ಅಡಿಕೆ ಚೀಲ ಒಂದು ಕಡೆ, ತಲೆಯ ರುಮಾಲು ಒಂದು ಕಡೆ, ತಾನು ಧೂಳಿನಲ್ಲಿ. ಗಾದಿ ಹೊತ್ತು ತಂದ ಆಳುಗಳು ತಮ್ಮ ಕೈಗಳನ್ನು ಮೈಯಿಂದ ದೂರ ಹಿಡಿದು, ಎಲ್ಲಿ ಒರೆಸಬೇಕೆಂದು ತಿಳಿಯದೆ ನಿಂತರು.

ಎದ್ದವನೇ ಪಾಟೀಲ ಹುಸೇನ ಕಾಕಾನ ಬಾರುಕೋಲನ್ನು ಕಸಿದುಕೊಂಡ. "ಮೊದಲ ಯಾಕ ಹೇಳಲಿಲ್ಲಲೇ?"

"ನೀವು ಕೇಳಲಿಲ್ರೀ."

ಹೆಗಲ ಮೇಲೆ ಹೊಡೆದ. ಮತ್ತೆ ಹೊಡೆದ. ಅಂಗಿ ಹರಿದು ರಕ್ತ ಬಂತು. ನಾನು ನಡುವೆ ಹೋದೆ. ನನ್ನನ್ನು ಹೊಡೆಯಲಿಲ್ಲ, ಹಿಂದೆ ಸರಿದ. ಬಾರುಕೋಲಿನ ಮೂಲಕವೂ ಮೈಲಿಗೆ ಬರುತ್ತದೆ ಎಂದುಕೊಂಡನೇನೋ. ಆಮೇಲೆ ಅದೇ ಕೋಲಿನಿಂದ ಗಾದಿಯನ್ನು ಮಂಚದಿಂದ ನೂಕಿದ. ಬಟ್ಟೆ ಹರಿದು ಅರಳೆ ನೆಲಕ್ಕೆ ಚೆಲ್ಲಿತು. "ಸಾಹೇಬರು ಬರೂದರಾಗ ಇಲ್ಲಿಂದ ಕಣ್ಮರಿ ಆಗ್ರಿ. ನಾ ಕುಂತಿದ್ದೆ ಅಂತ ಎಲ್ಯಾದರೂ ಬಾಯಿ ಬಿಟ್ಟೀರಿ, ನಿಮ್ಮ ಕೇರಿಗೆ ಬೆಂಕಿ ಹಚ್ಚತೀನಿ" ಎಂದ, ಹಲ್ಲು ಕಚ್ಚಿ, ಸಣ್ಣ ದನಿಯಲ್ಲಿ.

ಕಿತ್ತು ತರುವಾಗ ನಾಲ್ಕು ಜನ ಇದ್ದರು. ಹೇರಿಕೊಡಲು ಒಬ್ಬನೂ ಬರಲಿಲ್ಲ. ನಾನು ಒಂದು ಕಡೆ, ರಕ್ತ ಸೋರುವ ಹೆಗಲಿನ ಹುಸೇನ ಕಾಕಾ ಇನ್ನೊಂದು ಕಡೆ. ಮಂಚ ಏರಿಸಿದೆವು. ಚೆಲ್ಲಿದ ಅರಳೆಯನ್ನು ನಾನು ಮೊಣಕಾಲೂರಿ ಸೆರಗಿಗೆ ಬಾಚಿಕೊಂಡೆ. ಅದರಲ್ಲಿ ಮಣ್ಣು, ಹುಣಸೆ ಎಲೆ, ಕುದುರೆಯ ಕೂದಲು. ನಾನು ಬಾಚುತ್ತಿದ್ದ ಜಾಗದ ಸುತ್ತ ಆಗಲೇ ಒಬ್ಬ ನೀರು ಚಿಮುಕಿಸುತ್ತಿದ್ದ.

ತೋಪು ಕಣ್ಮರೆಯಾದ ಮೇಲೆ ಹುಸೇನ ಕಾಕಾ ಮೊದಲು ನಕ್ಕ. "ಎಂಥಾ ಜಿಗಿತ ಜಿಗದ ನೋಡಕ್ಕ! ನನ್ನ ಎತ್ತೂ ಹಂಗ ಜಿಗಿಯಂಗಿಲ್ಲ" ಎಂದ. ನನಗೂ ನಗು ಬಂತು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವ್ವ ಹರಿದ ಗಾದಿಯ ಬಾಯನ್ನು ಕೈಯಿಂದ ಒತ್ತಿ ಹಿಡಿದಿದ್ದಳು.

ಹಟ್ಟಿಯಲ್ಲಿ ಅಣ್ಣ ಮಂಚವನ್ನು ಖೋಲಿಯ ಮುಂದೆ, ಬೇವಿನ ನೆರಳಲ್ಲಿ, ದಾರಿಗೆ ಎದುರಾಗಿ ಹಾಕಿದ. ಗಾದಿಯನ್ನು ನಾನು ಹೊಲಿದೆ. ಪಾಳಿ ಮುಗಿಸಿದ ಜನ ಸಾಲು ಸಾಲಾಗಿ ಹಾದುಹೋಗುತ್ತಿದ್ದರು. ಅವರಲ್ಲಿ ಯಾವನಾದರೂ ಬಿಳಿ ರುಮಾಲಿನವನು ಕಂಡರೆ ಸಾಕು, ಅವ್ವನ ಮೊಣಕೈಗಳು ತಾವಾಗಿಯೇ ಗಾದಿಗೆ ಒತ್ತಿಕೊಳ್ಳುತ್ತಿದ್ದವು, ಏಳಲು. "ಇಲ್ಲಿ ಯಾರಿಗೂ ಏಳೂದು ಬ್ಯಾಡಬೇ ಯವ್ವಾ" ಎಂದು ಅಣ್ಣ ಬೈಯುತ್ತಿದ್ದ. ಆ ಮೊಣಕೈಗಳಿಗೆ ಅದು ತಿಳಿಯಲು ಬಹಳ ವರ್ಷ ಬೇಕಾದವು.

ಪಾಟೀಲ ಜಿಗಿದ ಕಥೆ ನಮ್ಮ ಮನೆತನದ ಆಸ್ತಿಯಾಯಿತು. ಅಣ್ಣ ಅದನ್ನು ಮದುವೆಗಳಲ್ಲಿ ಆಡಿ ತೋರಿಸುತ್ತಿದ್ದ. ರುಮಾಲು ಹಾರುವುದನ್ನು ಅವನಷ್ಟು ಚೆನ್ನಾಗಿ ಮಾಡುವವರಿರಲಿಲ್ಲ. ನಾನೂ ಹಟ್ಟಿಯಲ್ಲಿ ಅಕ್ಷರ ಕಲಿತು, ಶಾಲೆ ಸೇರಿ, ಮಾಸ್ತರರ ನಡುವೆ ಚಹಾ ಕುಡಿಯುತ್ತ ಇದನ್ನೇ ಹೇಳಿ ನಗಿಸಿದ್ದೇನೆ. ಜಾಣ ಮುದುಕಿ ಎನ್ನುತ್ತಿದ್ದರು ಎಲ್ಲರೂ. ಅವ್ವ ಒಬ್ಬಳೇ ನಗುತ್ತಿರಲಿಲ್ಲ. ಅವಳ ಕೊನೆಯ ದಿನಗಳಲ್ಲಿ ಒಮ್ಮೆ ಕೇಳಿದೆ: "ಯಾಕಬೇ, ನಿನಗ ನಗು ಬರಂಗಿಲ್ಲೇನು?"

"ನಗೂದೇನೈತಿ?" ಎಂದಳು. "ಗಾದಿ ನಂದು ಅಂತ ಎರಡು ಸರತಿ ಹೇಳಿದೆ. ಅದಕ್ಕ ಕೊಡಲಿಲ್ಲ. ಹೊಲಗೇರ್ಯಾಕಿ ಅಂದ ಮ್ಯಾಲ ಕೊಟ್ಟ. ಅಂದ್ರ ನಂದು ಅನ್ನೂ ಮಾತಿಗೆ ಏನೂ ಬೆಲೆ ಇರಲಿಲ್ಲಲ್ಲ."

ಮೊನ್ನೆ ಸಾಮಾನೆಲ್ಲ ಹೊಂದಿಸಿದ ಮೇಲೆ ಮೊಮ್ಮಗಳು ದಣಿದು ನನ್ನ ಪಕ್ಕದಲ್ಲಿ ಬಿದ್ದುಕೊಂಡಳು. "ಅಜ್ಜೀ, ಆ ಪಾಟೀಲ ಜಿಗದ ಕತಿ ಹೇಳು" ಎಂದಳು. ಚಿಕ್ಕಂದಿನಿಂದ ಕೇಳಿದವಳು, ಎಲ್ಲಿ ನಗಬೇಕೆಂದು ಅವಳಿಗೆ ಗೊತ್ತು. ಆ ಜಾಗ ಬಂದಾಗ ನಾನು ದನಿ ಬದಲಿಸಲಿಲ್ಲ, ಕೈ ಆಡಿಸಲಿಲ್ಲ. ಅವನು ಜಿಗಿದ ಎಂದೆ, ಹೊಡೆದ ಎಂದೆ, ನಾನು ನೆಲ ಬಾಚಿದೆ ಎಂದೆ. ಅವ್ವ ಅಂದ ಮಾತನ್ನೂ ಹೇಳಿದೆ. ಅದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಅವಳು ಎದ್ದು ಕೂತಳು. "ಅವನ ಹೆಸರೇನಿತ್ತಜ್ಜೀ?" ಎಂದು ಕೇಳಿದಳು. ಇಷ್ಟು ವರ್ಷ ನಕ್ಕವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ನಾನು ಮಾತ್ರ ಆ ದಿನವೇ ಹುಸೇನ ಕಾಕಾನಿಂದ ಕೇಳಿ ತಿಳಿದುಕೊಂಡಿದ್ದೆ.

ಹೇಳಿದೆ. ಅವನ ಹೆಸರು, ಅವನ ಅಪ್ಪನ ಹೆಸರು, ಊರು, ಎಲ್ಲ.