ಬೀಗ ಒಡೆದ ತಿಪ್ಪಮ್ಮ

ಆವರಗೆರೆಯ ತಿಪ್ಪಮ್ಮನವರಿಗೆ ಸಿಟ್ಟು ಜಾಸ್ತಿ ಎಂದು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಎರಡು ಮನೆ ಆಚೆಗಿದ್ದು ನಾನು ಕಂಡಿದ್ದನ್ನು, ಅವರ ಬಾಯಿಂದಲೇ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಾವಣಗೆರೆಯ ಹೂವಿನ ಮಾರುಕಟ್ಟೆಯಲ್ಲಿ ಅವರು ಬುಟ್ಟಿ ಇಟ್ಟುಕೊಂಡು ಕೂರಲು ಶುರುಮಾಡಿದ್ದು ಗಂಡ ತೀರಿಕೊಂಡ ಮೇಲೆ. ಆಗೆಲ್ಲ ಬೆಳಗಿನ ಹರಾಜಿನಲ್ಲಿ ಹೆಂಗಸರು ದರ ಕೂಗುವಂತಿರಲಿಲ್ಲ. ಹಾಗಂತ ಕಾನೂನೇನೂ ಇರಲಿಲ್ಲ, ದಲ್ಲಾಳಿಗಳ ಕಿವಿಗೆ ಹೆಂಗಸಿನ ದನಿ ಬೀಳುತ್ತಿರಲಿಲ್ಲ, ಅಷ್ಟೇ. ಗಂಡಸರು ಹಿಡಿದ ಹೂವನ್ನೇ ಹೆಂಗಸರು ಅವರ ಕೈಯಿಂದ ಹೆಚ್ಚಿನ ದರಕ್ಕೆ ಕೊಳ್ಳಬೇಕಿತ್ತು. ಒಂದು ಬೆಳಿಗ್ಗೆ ತಿಪ್ಪಮ್ಮ ಗುಂಪಿನೊಳಗೆ ನುಗ್ಗಿ ಸೇವಂತಿಗೆ ರಾಶಿಗೆ ದರ ಕೂಗಿದರು. ಯಾರೋ ನಕ್ಕರು. ದಲ್ಲಾಳಿ ಕೇಳಿಸದವನಂತೆ, ಕಡಿಮೆ ಕೂಗಿದ ಗಂಡಸಿಗೆ ರಾಶಿ ಬಿಟ್ಟುಕೊಟ್ಟ. ತಿಪ್ಪಮ್ಮ ಆ ರಾಶಿಯ ಮೇಲೆ ತಮ್ಮ ಬುಟ್ಟಿ ಇಟ್ಟು ಪಕ್ಕದಲ್ಲೇ ಕೂತುಬಿಟ್ಟರು. ಎಬ್ಬಿಸಬೇಕೆಂದರೆ ಮುಟ್ಟಬೇಕು, ಅದಕ್ಕೆ ಯಾರಿಗೂ ಧೈರ್ಯ ಸಾಲಲಿಲ್ಲ. ಬಿಸಿಲೇರಿ ಹೂವು ಬಾಡತೊಡಗಿದಾಗ ಕೊನೆಗೆ ಅವರಿಗೇ ಕೊಟ್ಟರು. ಆಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೂಗತೊಡಗಿದರು.

ಹಾಗೆ ಕೂಗಲು ಕಲಿತವರಲ್ಲಿ ಸುಗ್ರಾಬಿಯೂ ಒಬ್ಬರು. ಹರಿಹರದಿಂದ ಮೊದಲ ಬಸ್ಸಿಗೆ ಬಂದು ತಿಪ್ಪಮ್ಮನವರ ಪಕ್ಕದಲ್ಲೇ ಕನಕಾಂಬರ ಮಾರುತ್ತಿದ್ದರು. ಮೆತ್ತಗಿನ ಹೆಂಗಸು. ತಿಪ್ಪಮ್ಮ ಯಾರ ಜೊತೆಗಾದರೂ ಜಗಳಕ್ಕೆ ನಿಂತರೆ ಹಿಂದಿನಿಂದ ಸೆರಗು ಜಗ್ಗುತ್ತಿದ್ದರು. ಇಬ್ಬರೂ ಒಟ್ಟಿಗೆ ರೊಟ್ಟಿ ತಿನ್ನುತ್ತಿದ್ದರು, ಆದರೆ ನೀರು ಕುಡಿಯುತ್ತಿರಲಿಲ್ಲ. ಮಾರುಕಟ್ಟೆಯ ಯಾವ ಹೆಂಗಸೂ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಲು ಜಾಗವಿಲ್ಲ.

ಜಾಗ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂಲೆಯಲ್ಲಿ ಹೆಂಗಸರಿಗೆಂದೇ ಕಟ್ಟಿಸಿದ ಶೌಚಾಲಯವಿತ್ತು. ಉದ್ಘಾಟನೆಯೂ ಆಗಿತ್ತು, ಟೇಪು ಕತ್ತರಿಸಿದವರ ಹೆಸರು ಕಲ್ಲಿನಲ್ಲಿತ್ತು. ಅದಾದ ಕೆಲವೇ ವಾರಕ್ಕೆ ಅದರ ಗುತ್ತಿಗೆ ಹಿಡಿದ ಏಕಾಂತಪ್ಪ ಬಾಗಿಲಿಗೆ ಬೀಗ ಜಡಿದ. ಮೋಟಾರು ಕೆಟ್ಟಿದೆ ಎಂದ. ಆಮೇಲೆ ನೋಡಿದರೆ ಒಳಗೆ ಚೆಂಡು ಹೂವಿನ ಚೀಲಗಳು ಹೋಗುತ್ತಿದ್ದವು. ಒಳಗೆ ತಂಪು, ನಲ್ಲಿಯಲ್ಲಿ ನೀರು, ಹೂವು ಬಾಡುವುದಿಲ್ಲ. ದೊಡ್ಡ ವ್ಯಾಪಾರಿಯೊಬ್ಬನಿಗೆ ಅದನ್ನು ಗೋದಾಮಾಗಿ ಬಾಡಿಗೆಗೆ ಬಿಟ್ಟಿದ್ದ. ಗಂಡಸರಿಗೆ ಹಿಂದಿನ ಗೋಡೆ ಇತ್ತು. ಹೆಂಗಸರಿಗೆ ಕತ್ತಲಿರುವಾಗ ಲಾರಿಗಳ ಮರೆ, ಬೆಳಕು ಹರಿದ ಮೇಲೆ ಏನೂ ಇಲ್ಲ. ತಿಪ್ಪಮ್ಮ ಪಾಲಿಕೆ ಕಛೇರಿಗೆ ಅಲೆದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಮಾತು ಕೇಳಿ ಕೇಳಿ ವಾಪಸು ಬಂದರು.

ಆ ವರ್ಷ ಮಳೆ ಹಿಂದೆ ಸರಿದು ಬಿಸಿಲು ಚುರುಕಾಗುವ ಹೊತ್ತಿಗೆ ಊರ ತುಂಬ ಜ್ವರ. ದಸರಾ ಹತ್ತಿರ ಬಂದಿತ್ತು. ಹೂವಿನವರಿಗೆ ವರ್ಷದ ದುಡಿಮೆಯೆಲ್ಲ ಅದೇ ದಿನಗಳಲ್ಲಿ, ಹಾಗಾಗಿ ನಸುಕಿಗೆ ಕೂತವರು ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಆರೋಗ್ಯ ಪ್ರಚಾರದ ಆಟೋ ಮೈಕು ಕಟ್ಟಿಕೊಂಡು ಸುತ್ತುತ್ತಿತ್ತು. ಸೊಳ್ಳೆ ಬೆಳೆಯಲು ಬಿಡಬೇಡಿ, ಕಾಯಿಸಿ ಆರಿಸಿದ ನೀರನ್ನು ಚೆನ್ನಾಗಿ ಕುಡಿಯಿರಿ, ಋತು ಬದಲಾಗುವಾಗ ಆರೋಗ್ಯ ಕಾಪಾಡಿಕೊಳ್ಳಿ. ತಿಪ್ಪಮ್ಮ ಎದ್ದುಹೋಗಿ ಆಟೋಕ್ಕೆ ಅಡ್ಡ ನಿಂತರು.

“ಕುಡೀರಿ ಕುಡೀರಿ ಅಂತೀಯಲ್ಲಪ್ಪ, ಕುಡಿದಿದ್ದನ್ನ ಎಲ್ಲಿ ಬಿಡಾಣ? ಅದನ್ನೂ ಅದೇ ಮೈಕಿನಾಗ ಹೇಳು.”

ಸುತ್ತಲಿನ ಗಂಡಸರು ಮುಖ ಆಚೆ ತಿರುಗಿಸಿದರು. ಆಟೋದವನು ದನಿ ಏರಿಸಿಕೊಂಡು ಮುಂದೆ ಹೋದ.

ಸುಗ್ರಾಬಿಗೆ ಆಗಲೇ ಒಂದು ವಾರದಿಂದ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು. ಎಲ್ಲರಿಗೂ ಬಂದ ಜ್ವರ ಎಂದುಕೊಂಡು ಮಾತ್ರೆ ನುಂಗಿ ಬರುತ್ತಿದ್ದರು. ಆಯುಧಪೂಜೆಯ ಹಿಂದಿನ ದಿನ ಗಿರಾಕಿಗೆ ಹೂವು ಅಳೆದು ಕೊಡುತ್ತಿದ್ದಂತೆಯೇ ಬುಟ್ಟಿಯ ಮೇಲೆ ಕುಸಿದರು. ತಿಪ್ಪಮ್ಮ ವ್ಯಾಪಾರ ಹಾಗೇ ಬಿಟ್ಟು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಪರೀಕ್ಷೆ ಮಾಡಿದ ಡಾಕ್ಟರ್ ಶಾಂತಲಾ ಚಿಕ್ಕ ವಯಸ್ಸಿನವರು, ನೇರ ಮಾತಿನವರು. ಮೂತ್ರದ ಸೋಂಕು ಮೇಲೇರಿ ಕಿಡ್ನಿ ಹಿಡಿದಿದೆ, ರಕ್ತಕ್ಕೂ ಸೇರಿದೆ ಎಂದರು. ವರ್ಷಗಟ್ಟಲೆ ನೀರು ಕುಡಿಯದೆ, ತಡೆದುಕೊಂಡು ಕೂತರೆ ಹೀಗಾಗಬಹುದು ಎಂದೂ ಹೇಳಿದರು.

ಹರಿಹರದಿಂದ ಸುಗ್ರಾಬಿಯ ಗಂಡ ನಬೀ ಸಾಬ್ ಓಡಿ ಬಂದರು. ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿಕೊಂಡೇ ಕೇಳಿದರು.

“ಮನ್ಯಾಗೂ ಒಂದು ಮಾತು ಹೇಳಲಿಲ್ಲ ನೋಡ್ರಿ ಅಕ್ಕಾರೆ. ನಿಮಗಾದ್ರೂ ಹೇಳಿದ್ಲಾ?”

ಹೇಳಿರಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲೇ ಕೂತ ತಿಪ್ಪಮ್ಮನವರಿಗೂ ಅದೇ ಉರಿಮೂತ್ರ ಇತ್ತು, ಅವರೂ ಸುಗ್ರಾಬಿಗೆ ಹೇಳಿರಲಿಲ್ಲ. ಹೇಳಿಕೊಳ್ಳುವುದಕ್ಕೂ ನಾಚಿಕೆಪಡುವಂತೆ ಹೆಂಗಸರನ್ನು ಬೆಳೆಸಿದ್ದಾರಲ್ಲ, ಹಾಗೆ ಬೆಳೆಸಿದವರನ್ನು ಯಾವ ಠಾಣೆಗೆ ಎಳೆಯಬೇಕು ಎಂದು ತಿಪ್ಪಮ್ಮ ಇವತ್ತಿಗೂ ನನ್ನನ್ನು ಕೇಳುತ್ತಾರೆ.

ಮರುದಿನ ಆಯುಧಪೂಜೆ. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲ. ತಿಪ್ಪಮ್ಮ ಬಂದವರು ವ್ಯಾಪಾರಕ್ಕೆ ಕೂರಲಿಲ್ಲ. ಮಂಡಿಯೊಂದರ ಮುಂದೆ ಬಿದ್ದಿದ್ದ ಕಬ್ಬಿಣದ ತೂಕದ ಕಲ್ಲನ್ನು ಎತ್ತಿಕೊಂಡು ನೇರ ಶೌಚಾಲಯದ ಬಾಗಿಲಿಗೆ ಹೋದರು. ಎಲ್ಲರೂ ನೋಡುತ್ತಿದ್ದ ಹಾಗೇ ಬೀಗ ಕಿತ್ತು ಬರುವವರೆಗೆ ಬಡಿದರು. ಒಳಗೆ ಚಾವಣಿಯವರೆಗೂ ಚೀಲಗಳು. ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ಚೀಲ ಹೊರಗೆಳೆದರು. ಸಿಟ್ಟಿಗೆ ಯಾರೋ ಹೂವು ಚೆಲ್ಲಲು ಹೋದಾಗ ತಿಪ್ಪಮ್ಮ ತಡೆದರು; ಹೂವು ಬೆಳೆದವರು ಏನು ಮಾಡಿದ್ದಾರೆ ಎಂದರು. ಚೀಲಗಳನ್ನೆಲ್ಲ ಗೋಡೆಯ ನೆರಳಿಗೆ ಒಟ್ಟಿಸಿದರು.

ಏಕಾಂತಪ್ಪ ಬೈಕಿನಲ್ಲಿ ಬಂದಿಳಿದ. ಹಣೆಗೆ ಕುಂಕುಮ, ಬೈಕಿಗೆ ಹಾರ.

“ಅಷ್ಟು ತಡಕೊಳ್ಳಾಕಾಗದಿದ್ರೆ ಮನ್ಯಾಗ ಕೂಡ್ರಬೇಕಿತ್ತು. ಪ್ಯಾಟಿಗೆ ಯಾರು ಬಾ ಅಂದಿದ್ರು ನಿಮ್ಮನ್ನ?”

ತಿಪ್ಪಮ್ಮ ತೂಕದ ಕಲ್ಲು ಕೆಳಗಿಡಲಿಲ್ಲ.

“ಒಂಬತ್ತು ದಿನ ದೇವಿ ಪೂಜೆ ಮಾಡೀಯಲ್ಲ, ಆಕೀನೂ ಹೆಂಗಸೇ. ನಿನ್ನ ಗಾಡಿಗೆ ಹಾಕಿರೋ ಹಾರ ಕಟ್ಟಿದಾಕಿ ಆಸ್ಪತ್ರ್ಯಾಗ ಮಲಗ್ಯಾಳ. ಹೋಗು, ಆಕಿಗೆ ಹೇಳು ಈ ಮಾತ.”

ಅವನು ಠಾಣೆಗೆ ಹೋದ. ಬೀಗ ಒಡೆದು ಮಾಲು ಹಾಳುಮಾಡಿದರು ಎಂದು ದೂರು ಕೊಟ್ಟ. ಪೊಲೀಸರು ಕರೆಸಿದಾಗ ತಿಪ್ಪಮ್ಮ, ಒಡೆದಿದ್ದು ನಾನೇ, ಬರಕೊಳ್ಳಿ ಎಂದರು. ಅದರೊಳಗೆ ಹೂವು ಹೇಗೆ ಬಂತು ಎಂಬುದನ್ನೂ ಬರಕೊಳ್ಳಿ ಎಂದರು. ಮೊದಲನೆಯದನ್ನು ಮಾತ್ರ ಬರೆದುಕೊಂಡರು.

ಸುಗ್ರಾಬಿ ಬದುಕಿದರು. ಆದರೆ ಒಂದು ಕಿಡ್ನಿ ಕೆಲಸ ನಿಲ್ಲಿಸಿದೆ; ಮಾರುಕಟ್ಟೆಗೆ ಮತ್ತೆ ಬರಲಾಗಲಿಲ್ಲ. ಹರಿಹರದ ಮನೆಯಲ್ಲೇ ಕೂತು ಹೂವು ಕಟ್ಟುತ್ತಾರೆ, ಕಟ್ಟಿದ್ದನ್ನು ನಬೀ ಸಾಬ್ ಮಾರುಕಟ್ಟೆಗೆ ತಂದುಕೊಡುತ್ತಾರೆ. ತಮ್ಮ ಪಕ್ಕದ ಸುಗ್ರಾಬಿಯ ಜಾಗದಲ್ಲಿ ಬೇರೆ ಯಾರೂ ಬುಟ್ಟಿ ಇಡದಂತೆ ತಿಪ್ಪಮ್ಮ ಬಹಳ ದಿನ ಕಾದರು. ಆಮೇಲೆ ಮಾಯಕೊಂಡದ ಕಡೆಯಿಂದ ಬಂದ ಬಾಣಂತಿ ಹುಡುಗಿಯೊಬ್ಬಳಿಗೆ ಬಿಟ್ಟುಕೊಟ್ಟರು.

ಶೌಚಾಲಯ ಮತ್ತೆ ಮುಚ್ಚಲಿಲ್ಲ. ಹೆಂಗಸರೇ ಸರದಿ ಮಾಡಿಕೊಂಡು ತೊಳೆಯುತ್ತಾರೆ. ಮುಂದಿನ ದಸರಾಕ್ಕೆ ಒಂದು ಸಂಘದವರು ಬಂದು, ಹರಾಜಿನಲ್ಲಿ ದರ ಕೂಗಿದ ಮೊದಲ ಮಹಿಳೆಗೆ ವೇದಿಕೆಯಲ್ಲಿ ಸನ್ಮಾನ ಮಾಡುತ್ತೇವೆ ಎಂದರು. ಶಾಲು ಬ್ಯಾಡ, ಬಾಗಿಲಿಗೆ ಒಳಗಿನ ಚಿಲಕ ಹಾಕಿಸಿಕೊಡ್ರಿ ಎಂದು ತಿಪ್ಪಮ್ಮ ಕೇಳಿದರು. ಸಂಘದವರು ಮತ್ತೆ ಬರಲಿಲ್ಲ. ಚಿಲಕವನ್ನು ಹೆಂಗಸರೇ ಹಾಕಿಸಿಕೊಂಡರು.

ಕೇಸು ಇನ್ನೂ ನಡೆಯುತ್ತಿದೆ. ಹೋದ ತಿಂಗಳು ವಕೀಲರು, ತಪ್ಪಾಯಿತು ಎಂದು ಒಂದು ಸಾಲು ಬರೆದುಕೊಟ್ಟರೆ ಏಕಾಂತಪ್ಪ ರಾಜಿಗೆ ಒಪ್ಪುತ್ತಾನೆ, ನಿಮಗೂ ಅಲೆದಾಟ ತಪ್ಪುತ್ತದೆ ಎಂದು ತಿಳಿಹೇಳಿದರು. ಆವತ್ತು ಕೋರ್ಟಿಗೆ ಜೊತೆಯಲ್ಲಿ ಹೋಗಿದ್ದವಳು ನಾನೇ. ತಿಪ್ಪಮ್ಮ ವಕೀಲರ ಕೈಯಲ್ಲಿದ್ದ ಹಾಳೆಯತ್ತ ಬೆರಳು ತೋರಿಸಿದರು.

“ತಪ್ಪಾಗಿದ್ದು ಖರೇ ಐತ್ರಿ. ಆವತ್ತು ಒಡೀಬಾರದಿತ್ತು, ಬೀಗ ಹಾಕಿದ ದಿನಾನೇ ಒಡೀಬೇಕಿತ್ತು. ಹಂಗೆ ಬರೀರಿ, ಹೆಬ್ಬೆಟ್ಟು ಒತ್ತತೀನಿ.”

ವಕೀಲರು ಬರೆಯಲಿಲ್ಲ. ಮುಂದಿನ ತಾರೀಖು ದೀಪಾವಳಿ ಕಳೆದ ಮೇಲೆ ಬಿದ್ದಿದೆ.