ಗಂಗಮ್ಮ ಬಂದ ನಲ್ಲಿ

ಗೆಳೆಯರೇ, ಇವತ್ತು ಕುಷ್ಟಗಿಯ ಕುಡಿಯುವ ನೀರಿನ ಘಟಕದಲ್ಲಿ ನನ್ನ ಮುಂದಿದ್ದ ಅಜ್ಜಿ ಕ್ಯಾನಿನ ಬದಲು ತಾಮ್ರದ ಕೊಡ ಇಟ್ಟು ನಾಣ್ಯ ಹಾಕಿದಳು. ಆ ಯಂತ್ರ ಇಪ್ಪತ್ತು ಲೀಟರ್ ಸುರಿಸಿಯೇ ನಿಲ್ಲುತ್ತದೆ. ಕೊಡಕ್ಕೆ ಅಷ್ಟು ಹಿಡಿಯದು ಎಂದು ಹೇಳಲು ನನಗೆ ಸಂಕೋಚವಾಯಿತು. ಕೊಡ ತುಂಬಿ ಉಕ್ಕಿತು.

“ಸಾಕೋ ಯಪ್ಪಾ, ಸಾಕು! ಗಂಗಮ್ಮ ಗಟಾರಕ್ಕ ಹೊಂಟಾಳ!” ಎಂದು ಅಜ್ಜಿ ಯಂತ್ರಕ್ಕೆ ಕೂಗಿದಳು.

ನಾನು ಕೊಡ ಸರಿಸಿ ನನ್ನ ಕ್ಯಾನ್ ಒಡ್ಡಿದೆ. ನೀರು ನಿಂತ ಮೇಲೆ, “ತಗೊಳ್ರಿ ಅಮ್ಮಾ, ಇದೂ ನಿಮ್ದರಿ” ಎಂದೆ.

“ನಿನಗಿರ್ಲಿ ಬಿಡು. ಹಗ್ಗಿಲ್ಲ, ಬಾವಿ ಇಲ್ಲ, ಕೇಳಿದ್ದಕ್ಕಿಂತ ಹೆಚ್ಚ ಕೊಟ್ಟಾಳ ತಾಯಿ!”

ಅಜ್ಜಿ ಸಂಚಿಯಲ್ಲಿದ್ದ ಭಂಡಾರದ ಅರಿಶಿನ ತೆಗೆದು ನಲ್ಲಿಗೆ ಹಚ್ಚಿ ಕೈಮುಗಿದಳು. ನಾನೂ ಚಪ್ಪಲಿ ಬಿಟ್ಟು ಕೈಮುಗಿದೆ.

ಆಮೇಲೆ ಸರದಿಯಲ್ಲಿದ್ದವರೆಲ್ಲ ಚಪ್ಪಲಿ ಬಿಟ್ಟೇ ನೀರು ಹಿಡಿದರು. ಬೂಟು ಹಾಕಿದ್ದ ಸಾಹೇಬರೊಬ್ಬರು ಮಾತ್ರ ಲೇಸು ಬಿಚ್ಚುತ್ತ ಸರದಿ ಕಳೆದುಕೊಂಡರು.