ಪಟ್ಟಿ ಬರೆಸಿದ ಮೇಷ್ಟ್ರು

ಮೇಷ್ಟ್ರ ಬಲಗಣ್ಣಿನ ರೆಪ್ಪೆ ಅರ್ಧಕ್ಕೇ ಇಳಿದು ನಿಂತಿರುತ್ತಿತ್ತು. ಓದುವಾಗ ಎಡಗೈ ಹೆಬ್ಬೆರಳಿನಿಂದ ಅದನ್ನು ಮೇಲೆತ್ತಿ ಹಿಡಿಯುತ್ತಿದ್ದರು, ಪುಸ್ತಕ ಮುಚ್ಚುವವರೆಗೂ ಬೆರಳು ತೆಗೆಯುತ್ತಿರಲಿಲ್ಲ. ಮೊದಲ ದಿನ ನಾವೆಲ್ಲ ತಲೆ ಬಗ್ಗಿಸಿ ನಕ್ಕಿದ್ದೆವು.

ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅವರು ಬಹಳ ವರ್ಷ ಅತಿಥಿ ಉಪನ್ಯಾಸಕರಾಗಿದ್ದರು. ಕಳೆದ ಶತಮಾನದ ದೊಡ್ಡ ದೊಡ್ಡ ಇಂಗ್ಲಿಷ್ ಕಾದಂಬರಿಕಾರರ ಬಗ್ಗೆ ಬೀಗರ ಸುದ್ದಿ ಹೇಳುವಂತೆ ಹೇಳುತ್ತಿದ್ದರಂತೆ. ಐಚ್ಛಿಕ ಇಂಗ್ಲಿಷ್ ಕೇಳುವವರೇ ಇಲ್ಲವಾಗಿ ವಿಭಾಗ ಮುಚ್ಚಿತು. ಆಮೇಲೆ ಎಣ್ಣೆ ಮಿಲ್ಲಿನ ಮಹಡಿಯಲ್ಲಿದ್ದ ತರಬೇತಿ ಕೇಂದ್ರಕ್ಕೆ ಬಂದರು. ನಾನು ಶಿಕ್ಷಕರ ಪರೀಕ್ಷೆಗೆಂದು ಸೇರಿದ್ದು ಅಲ್ಲಿಗೆ. ಅಲ್ಲಿ ಬೇಕಾಗಿದ್ದುದು ಒಂದೇ: ಯಾವ ಲೇಖಕ, ಯಾವ ಪ್ರಸಿದ್ಧ ಕೃತಿ. ಹೊಂದಿಸಿ ಬರೆದರೆ ಅಂಕ.

ಮೇಷ್ಟ್ರಿಗೆ ಹೆಸರು ಬಾಯಿಗೆ ಬಂದರೆ ಕಥೆಯೂ ಹಿಂದೆಯೇ ಬರುತ್ತಿತ್ತು. ಒಂದು ಮಧ್ಯಾಹ್ನ ಒಂದು ಕಾದಂಬರಿ ಹಿಡಿದರು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ನೀವೂ ಪಟ್ಟಿಗೆ ಸೇರಿಸಿಕೊಳ್ಳುತ್ತೀರಿ.

"ಯುದ್ಧ ಮುಗಿಸ್ಕೊಂಡು ಮನೆ ಮುಂದೆ ಬಂದು ನಿಂತವ್ನೆ ಸಿಪಾಯಿ. ಒಳಗೆ ಹೆಂಡ್ತಿ ಅವ್ಳೆ. ಇವ್ನ ಕೈ ಬಾಗ್ಲು ತಂಕ ಹೋಗ್ತೈತೆ, ತಟ್ಟಕ್ಕಾಗ್ತಿಲ್ಲ. ಯಾಕೆ?"

ನಾನೇ ಎದ್ದು ನಿಂತೆ. ಪರೀಕ್ಷೆಗೆ ಹದಿನೈದು ದಿನವಿತ್ತು. ಫೇಲಾದರೆ ಮದುವೆ ಎಂದು ಅಪ್ಪ ಗಂಡು ನೋಡಿಟ್ಟಿದ್ದ.

"ಸಾರ್, ಕಥೆ ಬ್ಯಾಡ್ರಿ. ಬರ್ದೋರ ಹೆಸ್ರು, ಪುಸ್ತಕದ ಹೆಸ್ರು ಹೇಳ್ರಿ, ಸಾಕು."

ಮೇಷ್ಟ್ರು ಸಿಟ್ಟಾಗಲಿಲ್ಲ. "ನಿಮ್ದು ಕುರಿ ಸಾಕೋ ಮನೆ ಅಲ್ವೇನವ್ವ? ಕಿವಿ ಸೀಳಿದ ಗುರುತು ನೋಡಿ ಯಾರ ಕುರಿ ಅಂತ ಹೇಳ್ತೀರಿ. ಗುರುತು ಗೊತ್ತಾದ್ರೆ ಕುರಿ ಗೊತ್ತಾದಂಗೇನು?" ಎಂದು ಹೆಬ್ಬೆರಳು ತೆಗೆದರು. ರೆಪ್ಪೆ ಇಳಿಯಿತು. ಅವತ್ತಿನಿಂದ ಪಟ್ಟಿ ಮಾತ್ರ ಬರೆಸಿದರು.

ಆ ಪಟ್ಟಿಯೇ ನನಗೆ ಅನ್ನ ಕೊಟ್ಟಿತು. ರಾಂಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಪಟ್ಟಿಯಲ್ಲಿದ್ದ ಒಂದು ಪುಸ್ತಕವನ್ನೂ ಮುಟ್ಟಿ ನೋಡಲಿಲ್ಲ. ನಾಚಿಕೆಯೂ ಆಗಲಿಲ್ಲ, ನಿಜ ಹೇಳುತ್ತೇನೆ.

ಹೋದ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆದಿದೆಯೆಂದು ಕೇಳಿ ನೋಡಲು ಹೋದೆ. ಎರಡೂ ಕಣ್ಣು ಮಂಜಾಗಿದ್ದವು. ದನಿಯಿಂದಲೇ ನನ್ನ ಗುರುತು ಹಿಡಿದರು.

"ಆಮೇಲಾದ್ರೂ ಆ ಪುಸ್ತಕ ಓದ್ದೇನವ್ವ?"

"ಓದ್ದೆ ಸಾರ್."

ಅವರ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡರು. "ಹಂಗಾದ್ರೆ ಹೇಳು, ಆ ಸಿಪಾಯಿ ಕೊನೇಗೆ ಬಾಗ್ಲು ತಟ್ಟಿದ್ನಾ? ಸರಿಯಾಗಿ ನೆನಪಾಗ್ತಿಲ್ಲ. ಓದಿ ಹೇಳೋರೂ ಯಾರೂ ಇಲ್ಲಿಲ್ಲ."

ಕಾಯಿಲೆಯ ಮನುಷ್ಯ, ಒಳ್ಳೆಯದನ್ನೇ ಹೇಳೋಣ ಅನ್ನಿಸಿತು. "ತಟ್ಟಿದ ಸಾರ್. ಹೆಂಡ್ತಿ ಬಾಗ್ಲು ತೆಗೆದ್ಲು."

"ಹೌದಾ?" ಎಂದು ಹಿಡಿದಿದ್ದ ನನ್ನ ಕೈ ಬಿಟ್ಟರು. ಆಮೇಲೆ, "ಓದಿದೋಳು ನೀನು. ನೀನು ಹೇಳಿದ್ಮೇಲೆ ಸರಿ," ಎಂದರು.

ಎರಡು ತಿಂಗಳಿಗೆ ತೀರಿಕೊಂಡರು. ಹನ್ನೊಂದನೆಯ ದಿನ ಹೋದಾಗ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕೇಳಿದರು. "ಅದ್ಯಾವ್ದೋ ಸಿಪಾಯಿ ಬಾಗ್ಲು ತಟ್ಟಿದ್ನಂತಲ್ಲಮ್ಮ. 'ತಟ್ಟಲಿಲ್ಲ ಅಂತ ಇಷ್ಟು ವರ್ಷ ಪಾಠ ಮಾಡಿದ್ನಲ್ಲೇ, ಎಷ್ಟು ಮಕ್ಕಳಿಗೆ ತಪ್ಪು ಹೇಳ್ಕೊಟ್ಟೆ' ಅಂತ ಕೊನೇ ತಂಕ ಒಂದೇ ಕೊರಗು. ಸಾಯೋ ದಿನಾನೂ ಅದನ್ನೇ ಅಂದ್ರು. ಏನಮ್ಮ ಅದು?"

ಗೊತ್ತಿಲ್ಲ ಎಂದೆ. ಅವರ ಕಪಾಟಿನಿಂದ ಆ ಪುಸ್ತಕ ಕೇಳಿ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಡೀ ಬೇಸಿಗೆ ರಜೆ ಓದಿದೆ. ನಾನು ಪೂರ್ತಿ ಓದಿದ ಮೊದಲ ಇಂಗ್ಲಿಷ್ ಕಾದಂಬರಿ ಅದು.

ಸಿಪಾಯಿ ಬಾಗಿಲು ತಟ್ಟುವುದಿಲ್ಲ. ಬಂದ ದಾರಿಯಲ್ಲೇ ಹೊರಟುಹೋಗುತ್ತಾನೆ. ಮೇಷ್ಟ್ರು ಯಾರಿಗೂ ತಪ್ಪು ಹೇಳಿಕೊಟ್ಟಿರಲಿಲ್ಲ.